ಮಾವನ ಹೊಟ್ಟೆಯೊಳಗಿನ ಎರೆ ಹೊಲ

ಎಂಡೋಸ್ಕೋಪಿ ಮಾಡಿ ಕೊಟ್ಟ ಹಾಳೆಯಲ್ಲಿ ನಾಲ್ಕು ಬಣ್ಣದ ಚಿತ್ರಗಳಿದ್ದವು. ನನ್ನ ಸೋದರಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದೇನೋ, ನಮ್ಮ ಎರಿ ಹೊಲ ಬಿರುಕು ಬಿಟ್ಟಂಗೈತಲ್ಲೋ" ಅಂದರು. ನಿಜವೇ. ಜಠರದ ಒಳಪದರದ ತುಂಬ ಸಣ್ಣ ಸಣ್ಣ ಹೆಂಟೆಗಳಂಥ ಉಬ್ಬು. ಒಂದೊಂದರ ನಡುವೆ ಕೆಂಪು, ಸುತ್ತ ಬಿಳಿಚಿದ ಗೆರೆ. ವೈದ್ಯರು ಇದಕ್ಕೆ ಹಾವಿನ ಚರ್ಮದ ಹೋಲಿಕೆ ಕೊಡುತ್ತಾರೆ. ಆದೋನಿ ಸುತ್ತಿನ ಹತ್ತಿ ಹೊಲಗಳನ್ನು ಬೇಸಿಗೆಯಲ್ಲಿ ಕಂಡವರಿಗೆ ಹಾವಿಗಿಂತ ಮೊದಲು ಹೊಲವೇ ನೆನಪಾಗುತ್ತದೆ.

ಮಾವನ ಊರು ಕೌತಾಳಂ ಕಡೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 'ಗ್ಯಾಸ್ಟ್ರಿಕ್' ಎಂಬ ಮಾತು ಮಾತ್ರ ಎರಡಕ್ಕೂ ಸೇರಿದ್ದು. ಹೊಟ್ಟೆ ಉಬ್ಬರಿಸಿದರೆ, ಎದೆ ಉರಿದರೆ, ಸುಸ್ತಾದರೂ ಗ್ಯಾಸ್ಟ್ರಿಕ್ಕೇ. ತಪ್ಪನ್ನೆಲ್ಲ ಬೆಳಗಿನ ಉಗ್ಗಾಣಿಯ ಜೊತೆಗಿನ ಮಿರ್ಚಿಯ ಮೇಲೆ ಹೊರಿಸಿ, ಹುಳಿ ತಗ್ಗಿಸುವ ಮಾತ್ರೆ ನುಂಗುತ್ತ ವರ್ಷಗಳನ್ನೇ ಕಳೆದರು. ಮೊಣಕಾಲು ನೋವಿಗೆ ಬೇರೆ ಮಾತ್ರೆ. ಆಮೇಲೆ ಮಲ ಡಾಂಬರಿನಂತೆ ಕಪ್ಪಗಾಯಿತು, ಮುಖ ಬಿಳುಚಿತು, ನಾಲ್ಕು ಮೆಟ್ಟಿಲಿಗೇ ಏದುಸಿರು. ಹೊಟ್ಟೆಯಲ್ಲಿ ರಕ್ತ ಸದ್ದಿಲ್ಲದೆ ಜಿನುಗುತ್ತಿತ್ತು. ನೋವಿನ ಮಾತ್ರೆಯೂ ಅದಕ್ಕೆ ಕೈಜೋಡಿಸಿರಬೇಕು.

"ಈ ಕೆಂಪು ಹೊಟ್ಟೆಯ ಸ್ವಂತದ್ದಲ್ಲ, ಲಿವರ್‌ನದು" ಎಂದರು ವೈದ್ಯರು. ಮಾವ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಲಿವರ್‌ನಲ್ಲಿ ಕೂತ ಕೊಬ್ಬು, ಕ್ರಮೇಣ ಅದು ಗಟ್ಟಿಯಾಗಿತ್ತು. ಹೆಪಟೈಟಿಸ್ ಬಿ, ಸಿ ವೈರಸ್‌ಗಳೂ ಇದೇ ಹಾದಿಗೆ ಒಯ್ಯಬಲ್ಲವು. ಆದರೂ ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು "ಕುಡೀತಿದ್ರಾ?" ಎಂದು. ಪ್ರತಿ ಸಲವೂ ಮಾವ ತಲೆ ತಗ್ಗಿಸಿದ್ದನ್ನು ಕಂಡಿದ್ದೇನೆ. ರೋಗಿಯ ಎದುರು ಆ ಪ್ರಶ್ನೆ ಎತ್ತುವ ಹಕ್ಕು ವೈದ್ಯರಿಗಲ್ಲದೆ ಇನ್ನಾರಿಗೂ ಇಲ್ಲ.

ಅಂದಿನಿಂದ ನನ್ನನ್ನು ಹಿಡಿದಿರುವ ಬೆರಗು ಬೇರೆ. ಜಠರ, ಕರುಳು, ಗುಲ್ಮಗಳಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಒಂದೇ ದೊಡ್ಡ ಅಭಿಧಮನಿಯಲ್ಲಿ ಕೂಡಿ ಮೊದಲು ಯಕೃತ್ತನ್ನು ಹೊಗುತ್ತದೆ. ಯಕೃತ್ತಿಗೆ ಬರುವ ರಕ್ತದ ಮುಕ್ಕಾಲು ಪಾಲು ಈ ದಾರಿಯದು. ನಾವು ಉಂಡ ಮುದ್ದೆಯ ಸಾರವೂ, ನುಂಗಿದ ಮದ್ದೂ ಆ ಬಾಗಿಲು ದಾಟಬೇಕು. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. 120 ಇದ್ದರೆ, ಇಲ್ಲಿಯ ಒತ್ತಡ 5ರಿಂದ 10ರಷ್ಟೇ. ಅಷ್ಟು ಮೆಲ್ಲಗಿನ ಹರಿವು! ಯಕೃತ್ತು ಗಾಯದ ಕಲೆಗಳಿಂದ ಗಡುಸಾದಾಗ ಇನ್ನು ಹತ್ತಿಪ್ಪತ್ತು ಅಂಕ ಏರಿದರೆ ಸಾಕು, ಜಠರದ ಗೋಡೆಯ ಕಿರುನಾಳಗಳಲ್ಲಿ ರಕ್ತ ತುಂಬಿ ನಿಲ್ಲುತ್ತದೆ. ಕಣ್ಣಿಗೆ ಉರಿಯೂತದ ಹಾಗೆಯೇ ಕಾಣುತ್ತದೆ. ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಉರಿಯೂತ ಕಡಿಮೆ, ಹಿಗ್ಗಿದ ನಾಳಗಳೇ ಹೆಚ್ಚು. ಈ ವ್ಯತ್ಯಾಸವನ್ನು ವೈದ್ಯರು ಬಿಡಿಸಿ ಹೇಳಿದ್ದು 1985ರಷ್ಟು ಈಚೆಗೆ. ಹುಳಿ ತಗ್ಗಿಸುವ ಮಾತ್ರೆಗೆ ಈ ಕೆಂಪು ಜಗ್ಗದಿದ್ದುದು ಅದಕ್ಕೇ.

ಇದನ್ನು ಮಾವನಿಗೆ ಹೇಳುವಾಗ ಒಂದು ಕಡೆ ತೊಡಕಿದೆ. ಹೊಲ ಬಿರಿಯುವುದು ನೀರಿಲ್ಲದೆ. ಹೊಟ್ಟೆ ಹೀಗಾದದ್ದು ರಕ್ತ ಹೆಚ್ಚಾಗಿ. ಹೋಲಿಕೆ ತಿರುಗುಮುರುಗಾಯಿತಲ್ಲ ಎಂದೆ. ಮಾವ ನಕ್ಕರು. ಹೊಸಪೇಟೆಯ ಅಣೆಕಟ್ಟಿನಿಂದ ಬಳ್ಳಾರಿ ಸೀಮೆ ದಾಟಿ ಬರುವ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಅವರಿಗೆ ಅಂಗೈಗೆರೆಯಷ್ಟೇ ಪರಿಚಿತ. ಅವರ ಹೊಲ ಉಪಕಾಲುವೆಯ ಕೊನೆಯಲ್ಲಿದೆ. "ಕಾಲುವಿ ನಡುವ ಹೂಳು ಕಟ್ಟಿದ್ರ ಮ್ಯಾಲಿನ ಹೊಲ ಜವಳು ಹಿಡಿತೈತಿ, ಕೆಳಗಿಂದು ಬಿರಿತೈತಿ. ಎರಡೂ ಒಂದ ನೀರಿನ ಕೆಲಸ" ಅಂದರು. ನಾನು ಸುಮ್ಮನಾದೆ. ಯಕೃತ್ತಿನಲ್ಲೂ ಹಾಗೆಯೇ: ಮೇಲೆ ಜಠರದಲ್ಲಿ ರಕ್ತ ಮಡುಗಟ್ಟುತ್ತದೆ, ನಿಂತ ರಕ್ತ ಅನ್ನನಾಳದ ಬದಿಯಲ್ಲಿ ಕಳ್ಳದಾರಿ ಕೊರೆದು ಹರಿಯುತ್ತದೆ, ಇತ್ತ ಯಕೃತ್ತಿಗೆ ಸಲ್ಲಬೇಕಾದ ರಕ್ತ ಸಲ್ಲುವುದಿಲ್ಲ. ತುಂಗಭದ್ರಾ ಜಲಾಶಯವೇ ಹೂಳಿಗೆ ಮೈಯೊಡ್ಡಿ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. ಹೂಳು ಕೂತದ್ದು ಒಂದು ಕಡೆ, ಅದು ತಿಳಿದುಬರುವುದು ಇನ್ನೆಲ್ಲೋ ಒಬ್ಬ ರೈತನ ಹೊಲದಲ್ಲಿ. ಯಕೃತ್ತು ತಾನು ಗಟ್ಟಿಯಾಗುತ್ತಿದ್ದರೂ ನೋಯದೆ ಎಷ್ಟೋ ಕಾಲ ದುಡಿಯುತ್ತದೆ. ಅದರ ಪರವಾಗಿ ಹೊಟ್ಟೆ ಬಾಯಿ ಬಿಟ್ಟಿತ್ತು. ನಾವು ಅದನ್ನು ಮಿರ್ಚಿಯ ದೂರು ಅಂದುಕೊಂಡಿದ್ದೆವು.

ಈಗ ಮಾವನಿಗೆ ಕೊಟ್ಟಿರುವುದು ಪ್ರೊಪ್ರನೊಲಾಲ್. ಹೃದಯದ ಬಡಿತ ತಗ್ಗಿಸುವ ಹಳೆಯ ಮಾತ್ರೆ. ಯಕೃತ್ತಿಗೆ ಹೋಗುವ ನಾಳದ ಒತ್ತಡವನ್ನೂ ಅದು ಇಳಿಸುತ್ತದೆಂದು ಫ್ರಾನ್ಸಿನ ವೈದ್ಯರು 1980ರ ಸುಮಾರಿಗೆ ತೋರಿಸಿಕೊಟ್ಟರು. ಹೊಟ್ಟೆ ಜಿನುಗಬಾರದೆಂದು ಎದೆಯನ್ನು ನಿಧಾನ ಮಾಡುವುದು! ಜೊತೆಗೆ ಕಬ್ಬಿಣದ ಮಾತ್ರೆ. ನೋವಿನ ಮಾತ್ರೆ ಬಂದ್.

ನಾಡಿ 60ರ ಹತ್ತಿರ ಇರಲಿ, 55ಕ್ಕಿಂತ ಇಳಿದರೆ ಬನ್ನಿ ಎಂದಿದ್ದಾರೆ ವೈದ್ಯರು. ಅಂದಿನಿಂದ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಎಡಗೈ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಎದುರಿಗೆ ಗಡಿಯಾರ ಇಟ್ಟುಕೊಂಡು ಎಣಿಸುತ್ತಾರೆ. ಆ ಒಂದು ನಿಮಿಷ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ನಿನ್ನೆ ಫೋನಿನಲ್ಲಿ ಊಟ ಆಯಿತೇ ಎಂದೂ ಕೇಳದೆ, ಮೊದಲ ಮಾತೇ, "ಐವತ್ತೆಂಟು" ಅಂದರು.