ದಾಕ್ಷಿಣ್ಯದ ಗಿರಾಕಿಗಳು

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಪರರ ದುಡ್ಡು ಎಣಿಸಿ 2020ರಲ್ಲಿ ನಿವೃತ್ತನಾದೆ. ಎಲ್ಲ ನಿವೃತ್ತರಿಗೂ ಬರುವ ರೋಗ ನನಗೂ ಬಂತು. ಬರೆಯತೊಡಗಿದೆ. ಹಾವೇರಿ ಕಡೆಯ ನಮ್ಮೂರು, ಧಾರವಾಡದ ಎಂಕಾಂ ದಿನಗಳು, ಮುಂಬಯಿಗೆ ಬಂದಿಳಿದ ಮೊದಲ ಮಳೆಗಾಲ, ಬ್ಯಾಂಕಿನ ಕೌಂಟರಿನಾಚೆ ಕಂಡ ಮುಖಗಳು, ಹೀಗೆ ಇಪ್ಪತ್ತೆರಡು ಪ್ರಬಂಧಗಳಾದವು. ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ಉತ್ತರ ಬರೆಯಲಿಲ್ಲ. ಇನ್ನೊಬ್ಬರು, ‘ಚೆನ್ನಾಗಿದೆ, ನೀವೇ ಹಣ ಹಾಕುವುದಾದರೆ ನಮ್ಮ ಹೆಸರಿನಲ್ಲಿ ಹಾಕೋಣ’ ಎಂದರು. ನಾನೇ ಹಣ ಹಾಕುವುದಾದರೆ ನನ್ನ ಹೆಸರೇ ಇರಲಿ ಎಂದು 2022ರಲ್ಲಿ ಗದಗಿನಲ್ಲಿ ಅಚ್ಚು ಹಾಕಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಮುದ್ದಿನಲ್ಲಿ ಐನೂರು ಪ್ರತಿ.

ಲೆಕ್ಕದ ಮನುಷ್ಯ, ಹಾಗಾಗಿ ಲೆಕ್ಕ ಹೇಳಿಬಿಡುತ್ತೇನೆ. ಅಚ್ಚಿಗೆ 45,000, ಲಾರಿಯಲ್ಲಿ ಡೊಂಬಿವಲಿಯ ನಮ್ಮ ಮನೆ ಮುಟ್ಟಿಸಲು 3,000, ಒಟ್ಟು 48,000 ರೂಪಾಯಿ. ಪ್ರತಿಯೊಂದಕ್ಕೆ 96 ರೂಪಾಯಿ ಬಿತ್ತು. ಬೆಲೆ 150 ಎಂದು ಅಚ್ಚು ಹಾಕಿಸಿದ್ದೆ. ಬೆಂಗಳೂರಿನ ಒಂದು ಅಂಗಡಿಯವರನ್ನು ವಿಚಾರಿಸಿದರೆ ನೂರಕ್ಕೆ ನಲವತ್ತು ಕಮಿಷನ್ ಕೇಳಿದರು. ಅಂದರೆ ನನ್ನ ಕೈಗೆ 90. ಮಾರಿದಷ್ಟೂ ಪ್ರತಿಗೆ ಆರು ರೂಪಾಯಿ ನಷ್ಟ, ಮೇಲೆ ಪಾರ್ಸೆಲ್ ಖರ್ಚು ಬೇರೆ. ‘ಹಂಗಾದ್ರ ಮಾರದಿದ್ರ ಲಾಭ ಅಂದಂಗಾತು’ ಎಂದಳು ನನ್ನ ಹೆಂಡತಿ. ಹತ್ತು ಕಟ್ಟುಗಳು ಹಾಲಿನ ಮೂಲೆ ಹಿಡಿದು ಕೂತವು. ಮುಂಬಯಿಯ ಉಪನಗರದ ಮನೆಯಲ್ಲಿ ಆ ಮೂಲೆಗೂ ಚದರಡಿ ಲೆಕ್ಕದಲ್ಲಿ ಬೆಲೆ ಇದೆ.

ಸ್ವಂತ ಪುಸ್ತಕ ಮಾರುವುದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಜನರ ಬಳಿಗೆ ಹೋದರು. ಶಿವರಾಮ ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದ್ದುಂಟು. ಅಂಥ ದೊಡ್ಡವರೇ ಮಾಡಿದ ಮೇಲೆ ನನ್ನಂಥವನಿಗೆ ಏನು ನಾಚಿಕೆ ಎಂದು ನಾನೂ ಬಗಲಿಗೆ ಚೀಲ ಹಾಕಿಕೊಂಡೆ.

ಆದರೆ ಹೊರಟದ್ದು ಎಲ್ಲಿಗೆ? ಹೊರನಾಡಿನಲ್ಲಿ ಕನ್ನಡ ಪುಸ್ತಕಕ್ಕೆ ಬೀದಿಯ ಗಿರಾಕಿ ಇಲ್ಲ. ನಮ್ಮ ಮಕ್ಕಳಿಗೇ ಕನ್ನಡ ಓದಲು ಬರುವುದಿಲ್ಲ. ಅಂಚೆಯಲ್ಲಿ ದೂರದವರಿಗೆ ಕಳಿಸೋಣವೆಂದರೆ, ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಕೂಡ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಇಲ್ಲಿ ನಮಗಿರುವುದು ಸಂಘದ ಸಭೆ, ಗಣೇಶೋತ್ಸವ, ಯಕ್ಷಗಾನ, ಮದುವೆ, ಮುಂಜಿ. ಎಲ್ಲ ಕಡೆ ಅದೇ ಇನ್ನೂರು ಮುನ್ನೂರು ಮುಖಗಳು. ಅವರಲ್ಲಿ ಅರ್ಧ ಜನ ನನ್ನ ಬ್ಯಾಂಕಿನಲ್ಲಿ ಖಾತೆ ಇದ್ದವರು, ನನ್ನ ಕೈಕೆಳಗೆ ಕೆಲಸ ಮಾಡಿದವರು, ಇಲ್ಲವೇ ನನ್ನಿಂದ ಏನಾದರೂ ಉಪಕಾರ ಆದವರು. ‘ಒಂದು ಪುಸ್ತಕ ಬರೆದಿದ್ದೇನೆ’ ಎಂದು ಚೀಲದೊಳಗೆ ಕೈ ಹಾಕಿದರೆ ಸಾಕು, ಅವರ ಕೈ ಜೇಬಿಗೆ ಹೋಗುತ್ತಿತ್ತು. ಒಂದೂವರೆ ವರ್ಷದಲ್ಲಿ 212 ಪ್ರತಿ ಮಾರಾಟವಾದವು. ಹೆಮ್ಮೆಯಿಂದ ಲೆಡ್ಜರಿನಲ್ಲಿ ಬರೆದಿಟ್ಟೆ.

ಈಗ ನಿಜವಾದ ಕಥೆಗೆ ಬರುತ್ತೇನೆ. ಠಾಣೆಯಲ್ಲಿ ನಾನು ಮ್ಯಾನೇಜರನಾಗಿದ್ದ ಶಾಖೆಯ ಎದುರಿಗೆ ಒಂದು ಹೋಟೆಲು. ಯಜಮಾನರು ಕುಂದಾಪುರದ ಕಡೆಯವರು. ಹತ್ತು ವರ್ಷದ ಹುಡುಗನಾಗಿ ಬಂದು, ಲೋಟ ತೊಳೆದು, ಮೇಲೆ ಬಂದವರು. ನಾನು ಆ ಶಾಖೆಯಲ್ಲಿದ್ದಷ್ಟು ದಿನ ನನ್ನಿಂದ ಒಂದು ಕಾಫಿಯ ದುಡ್ಡನ್ನೂ ಅವರು ತೆಗೆದುಕೊಂಡವರಲ್ಲ. ಪುಸ್ತಕ ತೆಗೆದುಕೊಂಡು ಹೋದಾಗ ‘ಎಷ್ಟು ಕೊಡ್ಲಿ ಸರ್?’ ಎಂದು ಕೇಳಿದರು. ಹಣವೋ ಪ್ರತಿಯೋ ನನಗೆ ತಿಳಿಯಲಿಲ್ಲ. ‘ನಿಮ್ಮ ಇಷ್ಟ’ ಎಂದೆ. ‘ಇಪ್ಪತ್ತೈದು ಇರ್ಲಿ’ ಎಂದು ಗಲ್ಲಾದಿಂದ 3,750 ರೂಪಾಯಿ ಎಣಿಸಿ ಕೊಟ್ಟರು. ಏನು ಪುಸ್ತಕ, ಯಾವುದರ ಬಗ್ಗೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ದಿನ ಲೋಕಲ್ ಟ್ರೇನಿನಲ್ಲಿ ಮನೆಗೆ ಬರುವಾಗ ಹಣ ಎಣಿಸಿ ಕೊಟ್ಟ ಆ ಮುಖ ಕಣ್ಣಿಗೆ ಕಟ್ಟಿತು. ಅದನ್ನು ಮೊದಲೆಲ್ಲೋ ಕಂಡಿದ್ದೆ. ಎಲ್ಲಿ ಎಂದು ನೆನಪಾಗಲು ದಿವಾ ಸ್ಟೇಷನ್ ದಾಟಬೇಕಾಯಿತು. 2006ರಲ್ಲಿ ಅವರು ಹೋಟೆಲು ರಿಪೇರಿಗೆ ನಾಲ್ಕು ಲಕ್ಷ ಸಾಲ ಕೇಳಿ ಬಂದಿದ್ದರು. ಸಾಲ ಕೊಡಬಹುದಾದ ಪಾರ್ಟಿಯೇ, ಕಾಗದಪತ್ರ ಎಲ್ಲ ಸರಿ ಇತ್ತು. ಆದರೆ ಆಗ ಬ್ಯಾಂಕುಗಳು ವಿಮೆ ಮಾರಲು ಹೊರಟಿದ್ದ ಕಾಲ, ಮೇಲಿನಿಂದ ನಮಗೆ ಟಾರ್ಗೆಟ್. ಸಾಲದ ಕಾಗದಗಳ ಜೊತೆಗೆ ವರ್ಷಕ್ಕೆ 15,000 ಕಂತಿನ ಪಾಲಿಸಿಯ ಫಾರ್ಮನ್ನೂ ಅವರ ಮುಂದಿಟ್ಟೆ. ‘ಕಡ್ಡಾಯ’ ಎಂದು ನಾನು ಹೇಳಲಿಲ್ಲ. ‘ಇದನ್ನೂ ಮಾಡಿಬಿಡಿ’ ಎಂದೆ, ಅಷ್ಟೇ. ಅವರು ಏನು ಎತ್ತ ಕೇಳದೆ ಸಹಿ ಹಾಕಿದರು. ಎರಡು ಕಂತು ಕಟ್ಟಿ ಆಮೇಲೆ ಆಗಲಿಲ್ಲವೆಂದು ಬಿಟ್ಟರು. ಮೂರು ವರ್ಷವಾದರೂ ಕಟ್ಟದಿದ್ದರೆ ಅಂಥ ಪಾಲಿಸಿಯಲ್ಲಿ ಏನೂ ವಾಪಸ್ ಬಾರದ ದಿನಗಳವು. ಮೂವತ್ತು ಸಾವಿರ ಹೋಯಿತು. ಆ ವರ್ಷ ನನ್ನ ಟಾರ್ಗೆಟ್ ಪೂರ್ತಿಯಾಗಿತ್ತು.

ಸಹಿ ಹಾಕುವಾಗ ಇದ್ದ ಮುಖವೇ ಪುಸ್ತಕಕ್ಕೆ ದುಡ್ಡು ಎಣಿಸುವಾಗಲೂ ಇತ್ತು.

ಎಂಕಾಂನಲ್ಲಿ 1872ರ ಕರಾರು ಕಾಯ್ದೆ ಓದಿದ್ದೆ. ಕರಾರಿಗೆ ಬರಿಯ ಒಪ್ಪಿಗೆ ಸಾಲದು, ಅದು ಮುಕ್ತ ಒಪ್ಪಿಗೆಯಾಗಿರಬೇಕು. ಒತ್ತಾಯ ಮತ್ತು ಮೋಸದ ಜೊತೆಗೆ ಅನುಚಿತ ಪ್ರಭಾವವನ್ನೂ ಆ ಕಾಯ್ದೆ ಎಣಿಸುತ್ತದೆ. ಒಬ್ಬನ ಮನಸ್ಸಿನ ಮೇಲೆ ಇನ್ನೊಬ್ಬನ ಹಿಡಿತ ಇದ್ದು, ಆ ಹಿಡಿತದ ಲಾಭ ಪಡೆದರೆ ಅದು ಮುಕ್ತ ಒಪ್ಪಿಗೆಯಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಬಂದಿತ್ತು. ನೂರೈವತ್ತು ರೂಪಾಯಿಯ ಪುಸ್ತಕಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಕಾನೂನಿನ ಕಣ್ಣಿಗೆ ನಾನು ತಪ್ಪಿತಸ್ಥನೂ ಅಲ್ಲ. ಆದರೆ ನಮ್ಮ ದಾಕ್ಷಿಣ್ಯ ಎಂಬುದಿದೆಯಲ್ಲ, ಅದು ಆ ಕಾಯ್ದೆಗೆ ಸಿಗದ ಒಂದು ಪ್ರಭಾವ. ಇಲ್ಲ ಎನ್ನಲು ಬಾರದವನ ಹೌದು ಎಂಬ ಮಾತಿಗೆ ಬೆಲೆ ಎಷ್ಟು?

ಮನೆಗೆ ಬಂದು ಲೆಡ್ಜರು ತೆಗೆದೆ. ಪ್ರತಿ ಹೆಸರಿನ ಮುಂದೆ ಹೊಸದೊಂದು ಕಾಲಂ ಎಳೆದು ‘ಯಾಕೆ ಕೊಂಡರು’ ಎಂದು ಬರೆಯತೊಡಗಿದೆ. ಹಳೆಯ ಸಹೋದ್ಯೋಗಿ. ಸಾಲಗಾರ. ಬೀಗರು. ಸಂಘದಲ್ಲಿ ಪಕ್ಕದ ಕುರ್ಚಿ. ಕೆಲವರ ಪುಸ್ತಕವನ್ನು ನಾನು ಕೊಂಡಿದ್ದೆ, ಅವರು ನನ್ನದನ್ನು ಕೊಂಡರು. ಅದು ಮಾರಾಟವಲ್ಲ, ಮುಯ್ಯಿ. ಮದುವೆ ಮನೆಯಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟು ತಿರುಗಿಸುತ್ತೇವಲ್ಲ, ಹಾಗೆ. ತಾವಾಗಿ ಕೇಳಿ ತೆಗೆದುಕೊಂಡವರು ಎಷ್ಟು ಎಂದು ಎಣಿಸಿದರೆ 19 ಜನ. 212ರಲ್ಲಿ 19.

ಹೆಂಡತಿಗೆ ತೋರಿಸಿದೆ. ‘ಅಲ್ರೀ, ಇದು ಈಗ ಗೊತ್ತಾತೇನು? ಸ್ಟೇಷನ್‍ದಾಗ ನಿಮ್ಮ ಚೀಲ ಕಂಡ ಕೂಡ್ಲೆ ಮಂದಿ ಹಿಂದಿನ ಡಬ್ಬಿಗೆ ಹೋಗ್ತಾರ’ ಎಂದಳು.

ಆದರೆ ಸಂಘದ ಹಿರಿಯ ಮಿತ್ರರೊಬ್ಬರು ನನ್ನ ಮಾತು ಒಪ್ಪಲಿಲ್ಲ. ಅವರದ್ದು ತೂಕದ ಮಾತು. ‘ದಾಕ್ಷಿಣ್ಯ ತೆಗೆದುಬಿಟ್ಟರೆ ಈ ಊರಲ್ಲಿ ಕನ್ನಡ ಒಂದು ದಿನ ನಿಲ್ಲುವುದಿಲ್ಲ. ನಾಟಕದ ಟಿಕೇಟು, ಸ್ಮರಣ ಸಂಚಿಕೆಯ ಜಾಹೀರಾತು, ಕಟ್ಟಡದ ನಿಧಿ, ಎಲ್ಲ ದಾಕ್ಷಿಣ್ಯದ್ದೇ. ಹೋಟೆಲಿನವರು ಹಿಂದೆ ಕನ್ನಡ ರಾತ್ರಿಶಾಲೆಗಳಿಗೆ ಚಂದಾ ಕೊಟ್ಟದ್ದು ಮತ್ತೇನು?’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅದು ಸುಳ್ಳಲ್ಲ. ಪರಊರಿನಲ್ಲಿ ನಮ್ಮನ್ನು ಒಟ್ಟಿಗೆ ಹಿಡಿದಿರುವ ದಾರ ದಾಕ್ಷಿಣ್ಯವೇ. ಆದರೆ ಅದು ಎಲ್ಲರೂ ಸೇರಿ ಇಟ್ಟ ಠೇವಣಿ. ರಾತ್ರಿಶಾಲೆಗೆ ಕೊಟ್ಟ ಚಂದಾದಿಂದ ಲೋಟ ತೊಳೆಯುವ ಹುಡುಗ ಹತ್ತನೆಯ ತರಗತಿ ಪಾಸಾದ. ನಾನು ಅದೇ ಠೇವಣಿಯಿಂದ ನನ್ನೊಬ್ಬನ ಹೆಸರಿಗೆ ಹಣ ತೆಗೆಯುತ್ತಿದ್ದೆ. ಇಂಥದ್ದಕ್ಕೆ ಬ್ಯಾಂಕಿನಲ್ಲಿ ಬೇರೆ ಹೆಸರಿದೆ.

ಇನ್ನೊಂದು ಮಾತು. ಚಂದಾ ಕೊಟ್ಟವನ ಋಣ ಅಲ್ಲಿಗೆ ಮುಗಿಯುತ್ತದೆ. ಪುಸ್ತಕ ಕೊಂಡವನದು ಮುಗಿಯುವುದಿಲ್ಲ. ಮುಂದಿನ ಸಭೆಯಲ್ಲಿ ಎದುರಾದಾಗ ‘ಓದ್ತಾ ಇದ್ದೇನೆ, ತುಂಬ ಚೆನ್ನಾಗಿದೆ’ ಎಂದು ಆತ ಸುಳ್ಳು ಹೇಳಬೇಕು. ನಾನು ಅದನ್ನು ನಂಬಬೇಕು. ಒಳ್ಳೆಯ ಮನುಷ್ಯನ ಬಾಯಲ್ಲಿ ಸುಳ್ಳು ಹೇಳಿಸಿದ ಪಾಪ ಯಾರದು? ಆ ಸುಳ್ಳಿನಿಂದ ನನಗೂ ನಷ್ಟವೇ, ನನ್ನ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬುದು ನನಗೆ ಎಂದಿಗೂ ಗೊತ್ತಾಗುವುದಿಲ್ಲ.

ಗಳಗನಾಥರ ಗಂಟಿಗೂ ನನ್ನ ಚೀಲಕ್ಕೂ ಇರುವ ವ್ಯತ್ಯಾಸ ಆಗ ಹೊಳೆಯಿತು. ಅವರ ಬೆನ್ನ ಹಿಂದೆ ಸಾಲ ಮಂಜೂರು ಮಾಡುವ ಕುರ್ಚಿ ಇರಲಿಲ್ಲ. ಹಾಗಾಗಿ ಗುರುತಿಲ್ಲದವರ ಬಾಗಿಲಿಗೆ ಹೋಗಿ ಮಾರುವುದರಲ್ಲಿ ನಾಚಿಕೆ ಇಲ್ಲ. ಬೇಡ ಎನ್ನಬೇಕೆನಿಸಿದರೆ ಅವರು ಬೇಡ ಎನ್ನುತ್ತಾರೆ. ಗುರುತಿನವರ ಬಾಗಿಲಿಗೆ ಹೋಗುವಾಗಲೇ ಎಚ್ಚರ ಬೇಕು.

ಒಂದು ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಠಾಣೆಗೆ ಹೋದೆ. ಕಟ್ಟು ಗಲ್ಲಾದ ಹಿಂದೆ, ಸುತಳಿ ಬಿಚ್ಚದೆ ಹಾಗೇ ಇತ್ತು. ನೇರವಾಗಿ ಹಣ ವಾಪಸ್ ಕೊಟ್ಟರೆ ಅವಮಾನ ಮಾಡಿದಂತೆ. ಏನು ಹೇಳಬೇಕೆಂದು ತಿಳಿಯದೆ, ‘ಈ ಪುಸ್ತಕದಲ್ಲಿ ಏನಿದೆ ಅಂತ ನಿಮಗೆ ಹೇಳಲೇ ಇಲ್ಲ’ ಎಂದು ಶುರು ಮಾಡಿದೆ. ಮೊದಲ ಮಳೆಗಾಲದಲ್ಲಿ ಒಂದು ಖೋಲಿಯಲ್ಲಿ ಆರು ಜನ ಇದ್ದದ್ದು, ಊರಿಂದ ಬಂದ ಪತ್ರವನ್ನು ಎಲ್ಲರೂ ಓದುತ್ತಿದ್ದದ್ದು, ಅಪ್ಪ ತೀರಿದ ತಂತಿ ತಡವಾಗಿ ಮುಟ್ಟಿದ್ದು, ಹೀಗೆ ಇಪ್ಪತ್ತು ನಿಮಿಷ ಹೇಳಿದೆ. ಅವರು ಗಲ್ಲಾ ಬಿಟ್ಟು ಬಂದು ಎದುರಿಗೆ ಕೂತು ಕೇಳಿದರು. ಕೊನೆಗೆ ಅಂದರು:

‘ಇದನ್ನು ಮೊದಲೇ ಹೇಳ್ತಿದ್ದರೆ ನಾನು ಒಂದೇ ತಗೊಳ್ತಿದ್ದೆ ಸರ್. ಒಂದಾದ್ರೆ ಓದ್ಲಿಕ್ಕೆ ಆಗ್ತದೆ. ಇಪ್ಪತ್ತೈದು ಯಾರು ಓದುವುದು?’

ಇಬ್ಬರೂ ನಕ್ಕೆವು. ಸುತಳಿ ಬಿಚ್ಚಿ ಒಂದು ಪ್ರತಿ ಅವರಿಗೆ ಕೊಟ್ಟು, ಉಳಿದ 24 ಚೀಲಕ್ಕೆ ಹಾಕಿಕೊಂಡು, 3,600 ರೂಪಾಯಿ ಎದುರಿಗಿಟ್ಟೆ. ಅವರು ಬೇಡ ಎನ್ನಲಿಲ್ಲ. ಎಣಿಸಿ ಗಲ್ಲಾಕ್ಕೆ ಹಾಕಿದರು. ಅವರು ಎಣಿಸಿದ್ದು ನನಗೆ ಸಮಾಧಾನ ತಂದಿತು. ಆ ಧೈರ್ಯದಲ್ಲಿ ‘ಆ ಪಾಲಿಸಿ ವಿಷಯ…’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಹೋಯ್ತು ಬಿಡಿ’ ಎಂದು ಗಲ್ಲಾದ ಕಡೆ ತಿರುಗಿದರು. ‘ಪರವಾಗಿಲ್ಲ’ ಎಂದು ಅವರು ಹೇಳಲಿಲ್ಲ. ಹೇಳಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿಲ್ಲ. ಪುಸ್ತಕ ವಾಪಸ್ ತೆಗೆದುಕೊಳ್ಳಬಹುದು. ಕೆಲವನ್ನು ಆಗುವುದಿಲ್ಲ.

ಈಗ ನನಗೆ ನಾನೇ ಕೆಲವು ನಿಯಮ ಹಾಕಿಕೊಂಡಿದ್ದೇನೆ. ನನ್ನ ಕೈಕೆಳಗೆ ಇದ್ದವರಿಗೆ, ನನ್ನಿಂದ ಸಾಲ ಪಡೆದವರಿಗೆ ನಾನಾಗಿ ಮಾರುವುದಿಲ್ಲ. ಒಬ್ಬರಿಗೆ ಒಂದೇ ಪ್ರತಿ. ಒಳಗೇನಿದೆ ಎಂದು ಹೇಳಿದ ಮೇಲೆ ಬೆಲೆ ಹೇಳುವುದು. ಸಭೆಗಳಲ್ಲಿ ಮೇಜಿನ ಮೇಲೆ ಪುಸ್ತಕ ಇಟ್ಟು, ಪಕ್ಕದಲ್ಲಿ ಹಣದ ಡಬ್ಬಿ ಇಟ್ಟು, ನಾನು ದೂರ ಹೋಗಿ ಕೂರುವುದು. ತಿರುವಿ ನೋಡಿ ಕೆಳಗಿಡುವವನಿಗೆ ನನ್ನ ಮುಖ ಕಾಣಬಾರದು. ಸುಮ್ಮನೆ ಹಂಚುವುದನ್ನೂ ಬಿಟ್ಟಿದ್ದೇನೆ. ಬಿಟ್ಟಿ ಕೊಟ್ಟರೂ ಅದೇ ದಾಕ್ಷಿಣ್ಯ, ಅದೇ ಸುಳ್ಳು. 1954ರ ಕಾಯ್ದೆಯಂತೆ ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೆ ಕೊಡಲೇಬೇಕಾದ ನಾಲ್ಕು ಪ್ರತಿ ಕೊಟ್ಟಾಗಿದೆ. ಅವು ಯಾರ ಮುಲಾಜೂ ಇಲ್ಲದೆ ಅಲ್ಲಿರುತ್ತವೆ.

ಇಂದಿನ ಬಾಕಿ 203 ಪ್ರತಿ. ಎರಡು ವರ್ಷದಲ್ಲಿ ಡಬ್ಬಿಯಿಂದ ಹೋದದ್ದು 31. ದಾಸ್ತಾನನ್ನು ಕೊಂಡ ಬೆಲೆ, ಮಾರುಕಟ್ಟೆ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಆ ಲೆಕ್ಕ ಮಾಡಲು ಇನ್ನೂ ಮನಸ್ಸು ಬಂದಿಲ್ಲ. ಆ 31ರಲ್ಲಿ ಒಬ್ಬರು, ನಾನು ಯಾರೆಂದು ಅರಿಯದವರು, ಪತ್ರ ಬರೆದು ಹನ್ನೊಂದು ಅಚ್ಚಿನ ತಪ್ಪು ತೋರಿಸಿದರು, ಒಂಬತ್ತನೆಯ ಪ್ರಬಂಧ ಬೇಕಿರಲಿಲ್ಲ ಎಂದೂ ಬರೆದರು. ಮತ್ತೆ ಓದಿದೆ. ನಿಜ, ಬೇಕಿರಲಿಲ್ಲ.

ಮೊನ್ನೆ ಠಾಣೆಗೆ ಹೋದವನು ಆ ಹೋಟೆಲಿಗೆ ಹೊಕ್ಕೆ. ಪುಸ್ತಕ ಗಲ್ಲಾದ ಪಕ್ಕದಲ್ಲಿ, ದೇವರ ಫೋಟೋದ ಕೆಳಗಿತ್ತು. ಓದಿದಿರಾ ಎಂದು ಕೇಳಲಿಲ್ಲ, ಅದೂ ನನ್ನ ನಿಯಮಗಳಲ್ಲಿ ಒಂದು. ಅವರೂ ಏನೂ ಹೇಳಲಿಲ್ಲ. ಕಾಫಿ ಕುಡಿದು ಎದ್ದೆ. ಹುಡುಗ ಬಿಲ್ಲು ತಂದಿಟ್ಟ. ನಾನು ದುಡ್ಡು ಕೊಟ್ಟೆ, ಯಜಮಾನರು ಚಿಲ್ಲರೆ ವಾಪಸ್ ಕೊಟ್ಟರು.