ಕಲಿಸಿದವರ ಹೆಸರು

ಕಲಿಯುವವನಿಗಿಂತ ಕಲಿಸುವವನಿಗೆ ಹೆಚ್ಚು ತಿಳಿದಿರಬೇಕು ಎಂಬುದು ಶಾಲೆಯ ಅಡಿಗಲ್ಲು. ನಮ್ಮ ಕಾಲದಲ್ಲಿ ಈ ಅಡಿಗಲ್ಲು ಅಲುಗಿದೆ. ವ್ಯಾಕರಣದಲ್ಲಿ, ಗಣಿತದಲ್ಲಿ, ಚರಿತ್ರೆಯಲ್ಲಿ ಶಿಕ್ಷಕನು ಮುಂದಿದ್ದಾನೆ; ಆದರೆ ಆ ಪಾಠವನ್ನು ಮುಟ್ಟಿಸುವ ಯಂತ್ರದ ವಿಷಯದಲ್ಲಿ ಹದಿನಾಲ್ಕು ವರ್ಷದ ಹುಡುಗ ಅವನಿಗಿಂತ ಮುಂದಿದ್ದಾನೆ. ಇಂತಹ ಸ್ಥಿತಿಯಲ್ಲಿ ಗುರುವಿನ ಧರ್ಮ ಯಾವುದು? ಇದು ಬರಿಯ ತರಬೇತಿಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದೆಂಬುದನ್ನು ನಾನು ತಡವಾಗಿ ಕಲಿತೆ.

ಹಿಂದಿನ ತಲೆಮಾರಿನ ಶಿಕ್ಷಕರಲ್ಲಿ ಅನೇಕರು ಕರಿಹಲಗೆ ಮತ್ತು ಸೀಮೆಸುಣ್ಣದೊಡನೆ ವೃತ್ತಿಯನ್ನು ಆರಂಭಿಸಿ, ಅವುಗಳೊಡನೆಯೇ ಮುಗಿಸಿದರು. ನಮಗೆ ಆ ಭಾಗ್ಯವಿರಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಆಕಾಶದಿಂದ ಬರುವ ಪಾಠದ ಪ್ರಯೋಗ ನಡೆಯಿತು. 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ಜಾಲತಾಣ ಬಂತು; ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಎಂಬ ಕಪ್ಪು ಬಿಳುಪಿನ ಚೌಕಗಳು ಕಾಣಿಸಿಕೊಂಡವು. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಅಂಗೈಯಗಲದ ಫೋನೇ ತರಗತಿಯಾಯಿತು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲಂತೂ, ಕೇಳಿದೊಡನೆ ಪ್ರಬಂಧ ಬರೆದುಕೊಡುವ ಯಂತ್ರ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು.

ಈ ಬದಲಾವಣೆಗೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳಿವೆ. ಯಂತ್ರವು ಗುರುವಿನ ಸ್ಥಾನವನ್ನು ಕಸಿಯುತ್ತದೆ, ಆದುದರಿಂದ ಅದನ್ನು ದೂರವಿಡಬೇಕು ಎನ್ನುವವರು ಕೆಲವರು. ಯಂತ್ರ ಬಂದ ಮೇಲೆ ಗುರುವಿನ ಅಗತ್ಯವೇ ಇಲ್ಲ ಎನ್ನುವವರು ಮತ್ತೆ ಕೆಲವರು. ಗುರು ಎಂದರೆ ಮಾಹಿತಿಯ ಉಗ್ರಾಣ ಎಂದೇ ಇಬ್ಬರೂ ಭಾವಿಸಿದ್ದಾರೆ. ಉಗ್ರಾಣಕ್ಕೆ ಕಾವಲು ಬೇಕೇ ಬೇಡವೇ ಎಂಬುದಷ್ಟೇ ಅವರ ಜಗಳ. ಇದು ಬೇರೆಯೇ ವಿಷಯವೆಂದು ನನಗೆ ತೋರಿಸಿಕೊಟ್ಟದ್ದು ನನ್ನದೇ ಒಂದು ತಪ್ಪು.

ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದೆ. 2020ರ ಮಳೆಗಾಲದಲ್ಲಿ ಪಾಠಗಳನ್ನು ಚಿತ್ರೀಕರಿಸಿ ಮಕ್ಕಳಿಗೆ ಕಳುಹಿಸಬೇಕಾಯಿತು. ಫೋನನ್ನು ಹೇಗೆ ನಿಲ್ಲಿಸಬೇಕು, ಬೇಡದ ಭಾಗವನ್ನು ಹೇಗೆ ಕತ್ತರಿಸಬೇಕು, ಪದ್ಯದ ಸಾಲುಗಳು ತೆರೆಯ ಮೇಲೆ ಮೂಡುವಂತೆ ಹೇಗೆ ಮಾಡಬೇಕು, ಇದೊಂದೂ ನನಗೆ ತಿಳಿದಿರಲಿಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರತಿದಿನ ಸಂಜೆ ಫೋನಿನಲ್ಲಿ ತಾಳ್ಮೆಯಿಂದ ಹೇಳಿಕೊಟ್ಟಳು. ಹಲವು ಪಾಠಗಳನ್ನು ತಾನೇ ತಿದ್ದಿ ಜೋಡಿಸಿದಳು. ನಾನು ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳಿದರೂ ಆ ಹುಡುಗಿ ಬೇಸರಿಸಲಿಲ್ಲ. 2021ರ ಜನವರಿಯಲ್ಲಿ ಹತ್ತನೆಯ ತರಗತಿಗೆ ಶಾಲೆ ಮತ್ತೆ ತೆರೆದಾಗ, ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಹೊಗಳಿದರು. ಈ ವಯಸ್ಸಿನಲ್ಲಿಯೂ ಹೊಸ ವಿದ್ಯೆಯನ್ನು ಕೈವಶ ಮಾಡಿಕೊಂಡರೆಂದು ಶಾಲು ಹೊದಿಸಿದರು. ಅವಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ಕೈಮುಗಿದು ಸುಮ್ಮನಿದ್ದೆ.

ಎರಡು ವರ್ಷಗಳ ನಂತರ ಹುಡುಗನೊಬ್ಬ ಯಂತ್ರದಿಂದ ಬರೆಸಿದ ಪ್ರಬಂಧವನ್ನು ತನ್ನದೆಂದು ತಂದುಕೊಟ್ಟ. ಅವನಾಡುವ ಮಾತಿನ ಒಂದು ಪದವೂ ಅದರಲ್ಲಿರಲಿಲ್ಲವಾದ್ದರಿಂದ ಸುಲಭವಾಗಿ ತಿಳಿಯಿತು. ಪರರ ಬರಹವನ್ನು ತನ್ನದೆನ್ನುವುದು ಕಳ್ಳತನವೆಂದು ತರಗತಿಯ ಎದುರಿನಲ್ಲಿ ಅವನಿಗೆ ಉಪದೇಶ ಮಾಡಿದೆ. ಮಾತು ಮುಗಿಸಿ ಕುರ್ಚಿಯಲ್ಲಿ ಕುಳಿತಾಗ, ಆ ಶಾಲು ನೆನಪಾಯಿತು.

ನಮ್ಮ ಪೂರ್ವಾಚಾರ್ಯರು ಜ್ಞಾನಾಚಾರದ ಎಂಟು ಅಂಗಗಳಲ್ಲಿ 'ಅನಿಹ್ನವ' ಎಂಬುದೊಂದನ್ನು ಹೇಳಿದ್ದಾರೆ. ತನಗೆ ಕಲಿಸಿದ ಗುರುವಿನ ಹೆಸರನ್ನಾಗಲಿ, ತಾನು ಓದಿದ ಶಾಸ್ತ್ರದ ಹೆಸರನ್ನಾಗಲಿ ಮರೆಮಾಚದಿರುವುದೇ ಅನಿಹ್ನವ. ಅದಕ್ಕೆ ವಿರುದ್ಧವಾದ ನಿಹ್ನವವನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳಲ್ಲಿ ಒಂದೆಂದು ಎಣಿಸುತ್ತದೆ. ಕಲಿತದ್ದರ ಮೂಲವನ್ನು ಮುಚ್ಚಿಡುವವನ ಜ್ಞಾನಕ್ಕೇ ಮುಸುಕು ಬೀಳುತ್ತದೆ ಎಂಬ ಈ ತಿಳಿವು ಎಷ್ಟು ಸೂಕ್ಷ್ಮವಾದುದು! ಹುಡುಗ ಯಂತ್ರದ ಹೆಸರನ್ನು ಮುಚ್ಚಿಟ್ಟ. ನಾನು ಹುಡುಗಿಯ ಹೆಸರನ್ನು ಮುಚ್ಚಿಟ್ಟೆ. ಯಂತ್ರಕ್ಕೆ ನೋವಿಲ್ಲ. ನನ್ನ ಮೌನದಿಂದ ಒಂದು ಜೀವಕ್ಕೆ ನೋವಾಗಿತ್ತು. ನನ್ನ ತಪ್ಪೇ ದೊಡ್ಡದು.

ಮರುದಿನ ಅದೇ ತರಗತಿಯಲ್ಲಿ ಈ ಸಂಗತಿಯನ್ನೆಲ್ಲ ಹೇಳಿದೆ. ಹುಡುಗನಿಗೆ ಮತ್ತೆ ಬರೆದು ತರಲು ಅವಕಾಶ ಕೊಟ್ಟೆ. ಸಂಜೆ ಆ ವಿದ್ಯಾರ್ಥಿನಿಗೆ ಫೋನು ಮಾಡಿ ಕ್ಷಮೆ ಕೇಳಿದೆ. "ಅಯ್ಯೋ, ಅದಕ್ಕೆಲ್ಲ ಯಾಕೆ ಸಾರ್" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಾಠ ಜೋಡಿಸಿದ್ದು ನಾನು ಅಂತ ಅವತ್ತು ಅಪ್ಪನಿಗೆ ಹೇಳಿದ್ದೆ ಸಾರ್. ಸಭೆಯಲ್ಲಿ ಯಾರೂ ಹಾಗೆ ಹೇಳಲಿಲ್ಲವಲ್ಲ ಅಂತ ಅವರು ನಂಬಲಿಲ್ಲ" ಎಂದಳು. ಮೌನವೂ ಸುಳ್ಳಾಗಬಲ್ಲದು, ಆ ಸುಳ್ಳಿನ ಭಾರವನ್ನು ಮತ್ತೊಬ್ಬರು ಹೊರಬೇಕಾಗುತ್ತದೆ.

ಶಿಕ್ಷಕನು ತನ್ನ ಅಜ್ಞಾನವನ್ನು ಒಪ್ಪಿಕೊಂಡರೆ ಮಕ್ಕಳಲ್ಲಿ ಗೌರವ ಉಳಿದೀತೇ ಎಂದು ಹಿರಿಯ ಸಹೋದ್ಯೋಗಿಗಳು ನನ್ನನ್ನು ಕೇಳಿದ್ದುಂಟು. ಈ ಭಯ ಸುಳ್ಳಲ್ಲ. ಮೊದಮೊದಲು ಮಕ್ಕಳು ನಕ್ಕರು. ಆದರೆ ಅನಂತರ ಬೇರೊಂದು ಬದಲಾವಣೆಯನ್ನು ಕಂಡೆ. ತಿಳಿಯದೆಂದು ಹೇಳಲು ಅಂಜುತ್ತಿದ್ದ ಮಕ್ಕಳು ಪ್ರಶ್ನೆ ಕೇಳತೊಡಗಿದರು. ತಿಳಿಯದಿರುವುದು ಅವಮಾನವಲ್ಲವೆಂಬುದನ್ನು ಅವರು ನನ್ನ ಮಾತಿಗಿಂತ ನನ್ನ ನಡತೆಯಿಂದ ಬೇಗ ಕಲಿತರು.

ಇಂದಿನ ಯಂತ್ರಗಳ ಸ್ವಭಾವವನ್ನು ಬಲ್ಲವರಿಗೆ ಅನಿಹ್ನವದ ಅಗತ್ಯ ಇನ್ನೂ ಸ್ಪಷ್ಟವಾದೀತು. ಅಸಂಖ್ಯ ಜನರ ಬರಹಗಳಿಂದ ಕಲಿತ ಈ ಯಂತ್ರವು ಉತ್ತರ ಕೊಡುವಾಗ ಯಾರಿಂದ ಕಲಿತೆನೆಂದು ಬಹುಮಟ್ಟಿಗೆ ಹೇಳುವುದಿಲ್ಲ. ಕೆಲವು ಸಲ ಇಲ್ಲದ ಗ್ರಂಥವನ್ನೇ ಆಧಾರವೆಂದು ಹೆಸರಿಸುವುದೂ ಉಂಟು. ಆದುದರಿಂದ "ಇದು ಎಲ್ಲಿಂದ ಬಂತು? ನೀನು ಪರೀಕ್ಷಿಸಿದೆಯಾ?" ಎಂದು ಕೇಳುವ ಮನುಷ್ಯನೊಬ್ಬ ತರಗತಿಯಲ್ಲಿ ಇರಲೇಬೇಕು. ಯಂತ್ರದ ಗುಂಡಿಗಳನ್ನು ಅವನು ಮಕ್ಕಳಿಂದ ಕಲಿಯಲಿ, ಚಿಂತೆಯಿಲ್ಲ. ಈ ಪ್ರಶ್ನೆಯನ್ನು ಮಕ್ಕಳು ಅವನಿಂದ ಕಲಿಯಬೇಕು. ಯಂತ್ರದ ನೆರವಿನಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದ ಶಿಕ್ಷಕನೂ ಅದನ್ನು ಹೇಳಲು ಹಿಂಜರಿಯಬಾರದು.

ಕೊನೆಯದಾಗಿ, ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ದತ್ತಿಗಳಲ್ಲಿಯೂ ಇರುವ ಬಂಧುಗಳಲ್ಲಿ ಒಂದು ವಿನಂತಿ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಅದು ಆ ಕಾಲದ ಸಾಧನದಿಂದ ಮಾಡಿದ ಶಾಸ್ತ್ರದಾನ. ಇಂದು ನಾವು ಶಾಲೆಗಳಿಗೆ ಕಂಪ್ಯೂಟರುಗಳನ್ನೂ ಸ್ಮಾರ್ಟ್ ಬೋರ್ಡುಗಳನ್ನೂ ದಾನ ಮಾಡುತ್ತೇವೆ. ದಾನಿಗಳ ಹೆಸರಿನ ಫಲಕವನ್ನೂ ಹಾಕುತ್ತೇವೆ. ಆದರೆ ಅದನ್ನು ಬಳಸಬೇಕಾದ ಶಿಕ್ಷಕಿಗೆ ಕಲಿಯಲು ಬಿಡುವು ಸಿಕ್ಕಿತೇ, ಕೆಟ್ಟಾಗ ದುರಸ್ತಿಗೆ ಹಣವಿದೆಯೇ ಎಂದು ಕೇಳುವವರು ವಿರಳ. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಗೆ ಅವಕಾಶವಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟ ಯಂತ್ರ ಜ್ಞಾನದಾನವಾಗದು. ಯಂತ್ರದೊಡನೆ ಶಿಕ್ಷಕರ ಕಲಿಕೆಗೂ ವೆಚ್ಚವನ್ನು ಕೊಟ್ಟಾಗಲೇ ದಾನ ಪೂರ್ಣವಾಗುತ್ತದೆ.

ನಾನು ಈಗ ನಿವೃತ್ತ. ಆ ಶಾಲು ಇನ್ನೂ ಪೆಟ್ಟಿಗೆಯಲ್ಲಿದೆ, ಹೊದೆಯಲು ಮನಸ್ಸಾಗುವುದಿಲ್ಲ. ಮುಂದೆ ಬರುವ ಯಂತ್ರಗಳ ಹೆಸರನ್ನು ನಾನರಿಯೆ. ಯಾವುದೇ ಬರಲಿ, ಅದನ್ನು ಕಲಿಸಿದವರು ಕಿರಿಯರಾದರೂ ಸರಿ, ಅವರ ಹೆಸರನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳುವ ಶಿಕ್ಷಕರು ನಮ್ಮ ಶಾಲೆಗಳಲ್ಲಿ ಹೆಚ್ಚಲಿ.