ನೋಟಕ್ಕೊಂದು ಕಾಣಿಕೆ

ಪ್ರವಾಸ ಹೋಗುವುದಕ್ಕಿಂತಲೂ ಪ್ರವಾಸದ ಯೋಜನೆ ಹಾಕುವುದರಲ್ಲಿ ಸುಖ ಹೆಚ್ಚು. ಯೋಜನೆಯಲ್ಲಿ ಮಳೆ ಬರುವುದಿಲ್ಲ, ಟಯರು ಪಂಕ್ಚರಾಗುವುದಿಲ್ಲ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದಿಲ್ಲ. ನಮ್ಮ ಹಂಪನಕಟ್ಟೆಯ ಹೋಟೆಲುಗಳಲ್ಲಿ ದಸರೆಯ ರಜೆ ಮುಗಿಯುವ ಮೊದಲೇ ಕ್ರಿಸ್‌ಮಸ್ ರಜೆಯ ಪ್ರವಾಸ ನಿಶ್ಚಯವಾಗಿಬಿಡುತ್ತದೆ. ಹೊರಗೆ ಬಸ್ಸುಗಳ ಹಾರ್ನು. ಒಳಗೆ ಮೇಜಿನ ಮೇಲೆ ಒಂದು ಕಾಗದ, ಅದರ ಸುತ್ತ ನಾಲ್ಕು ತಲೆ.

೨೦೨೫ರ ಅಕ್ಟೋಬರಿನಲ್ಲಿ ಅಂಥ ಕಾಗದವೊಂದನ್ನು ಮಿತ್ರರೊಬ್ಬರು ನನ್ನ ಮುಂದಿಟ್ಟರು. ಅವರು ಬೇಂಕಿನಲ್ಲಿ ಕೆಲಸದಲ್ಲಿರುವವರು. ಲೆಕ್ಕ ತಪ್ಪುವ ಅಭ್ಯಾಸ ಅವರಿಗಿಲ್ಲ. ಮಂಗಳೂರಿನಿಂದ ನಸುಕಿನಲ್ಲಿ ಹೊರಡುವುದು. ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆಯ ದಾರಿಯಾಗಿ ಬೇಲೂರು ಸೇರುವುದು. ಹಳೇಬೀಡನ್ನೂ ನೋಡಿಕೊಂಡು ಹಾಸನದ ಮೇಲಿಂದ ಹುಣಸೂರಿಗೆ ಹೋಗಿ ತಂಗುವುದು. ಮರುದಿನ ಬೆಳಿಗ್ಗೆ ನಾಗರಹೊಳೆಯಲ್ಲಿ ಸಫಾರಿ. ಅಲ್ಲಿಂದ ಗೋಣಿಕೊಪ್ಪ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮನೆ. ಒಂದು ಶನಿವಾರ, ಒಂದು ಆದಿತ್ಯವಾರ. ಎಲ್ಲದಕ್ಕೂ ಎದುರಾಗಿ ಗಂಟೆಯನ್ನು ಬರೆದಿದ್ದರು. ಎರಡನೆಯ ದಿನದ ಮೊದಲ ಸಾಲು ಹೀಗಿತ್ತು: '೬-೩೦: ಹುಲಿ'.

ನಾನು ನಕ್ಕೆ. ಅವರೂ ನಕ್ಕರು. ಆದರೆ ಆ ಸಾಲು ಬಹಳ ದಿನ ನನ್ನನ್ನು ಬಿಡಲಿಲ್ಲ. '೧೦-೦೦: ಬೇಲೂರು' ಎಂದು ಬರೆದದ್ದರಲ್ಲಿ ನಗುವಂಥದ್ದೇನೂ ಇಲ್ಲ. ಹತ್ತು ಗಂಟೆಗೆ ಹೋದರೂ ಮೂರು ಗಂಟೆಗೆ ಹೋದರೂ ಬೇಲೂರು ಇದ್ದಲ್ಲೇ ಇರುತ್ತದೆ. ಹುಲಿಯನ್ನು ಅದೇ ಕಾಗದದಲ್ಲಿ, ಅದೇ ಶಾಯಿಯಲ್ಲಿ ಬರೆದಾಗ ಮಾತ್ರ ಏನೋ ಎಡವಿದಂತಾಗುತ್ತದೆ. ಏಕೆ?

ಹುಲಿಯನ್ನು ನೋಡಬೇಕೆಂಬುದೊಂದೇ ಆಸೆಯಾದರೆ ಅದಕ್ಕೆ ಘಟ್ಟ ಹತ್ತಬೇಕಾಗಿಲ್ಲ. ನಮ್ಮ ಊರಿನ ಮಗ್ಗುಲಲ್ಲೇ ಪಿಲಿಕುಳವಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ, ಕುಳವೆಂದರೆ ಕೆರೆ. ಹಿಂದೊಮ್ಮೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆಯೆಂದು ಆ ಹೆಸರು ಬಂತೆನ್ನುತ್ತಾರೆ. ಈಗ ಅಲ್ಲಿ ಪ್ರಾಣಿಸಂಗ್ರಹಾಲಯವಿದ್ದು ಹುಲಿಯೂ ಉಂಟು. ಟಿಕೇಟು ತೆಗೆದುಕೊಂಡರೆ ಸಾಕು. ಅರ್ಧ ದಿನದ ಕೆಲಸ. ಆದರೂ ಜನ ನೂರಾರು ಮೈಲು ಹೋಗುತ್ತಾರೆ. ಹೋಗುವುದು ಸರಿಯೆ. ಕಾಡಿನ ಹುಲಿಯಲ್ಲಿ ಸಂಗ್ರಹಾಲಯದ ಹುಲಿಯಲ್ಲಿಲ್ಲದ ಒಂದು ಗುಣವಿದೆ: ಅದು ಬಾರದೆ ಇರಬಹುದು. ಅದು ನಮಗಾಗಿ ಇಲ್ಲ. ಆ ಸ್ವಾತಂತ್ರ್ಯವನ್ನು ಕಾಣುವುದಕ್ಕೇ ನಾವು ಅಷ್ಟು ದೂರ ಹೋಗುತ್ತೇವೆ; ಹೋಗಿ, ಅದು ಬಾರದಿದ್ದರೆ ಹಣ ಹಾಳಾಯಿತೆಂದು ಕೊರಗುತ್ತೇವೆ.

ಬೇಲೂರಿನ ಮಾತು ಬೇರೆ. ೧೧೧೭ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ಶಿಲ್ಪಿಗಳ ಮನಸ್ಸಿನಲ್ಲಿ ದೇವರ ಜೊತೆಗೆ ನೋಡುವವನೂ ಇದ್ದ. ಇಲ್ಲದಿದ್ದರೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಏಕೆ ಕೊರೆಯುತ್ತಿದ್ದರು? ನಲವತ್ತೆರಡು ಮದನಿಕೆಯರು ಒಂಬೈನೂರು ವರ್ಷಗಳಿಂದ ನೋಡುವವರ ಕಣ್ಣಿಗಾಗಿ ಕಾದಿದ್ದಾರೆ. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ನೋಡುವುದರಿಂದ ಆ ಶಿಲ್ಪಕ್ಕೆ ಅನ್ಯಾಯವಾಗದು; ನೋಡದಿದ್ದರೇ ಅನ್ಯಾಯ. ಶಿಲ್ಪಿ ಕಲ್ಲಿನಲ್ಲಿ ಹೂಡಿದ ಮಾತು ನೋಡುವವನ ಕಣ್ಣಿನಲ್ಲಿ ಪೂರ್ತಿಯಾಗುತ್ತದೆ.

ಆ ಗುಡಿಯ ಬಾಗಿಲಲ್ಲಿ ಇನ್ನೊಂದು ಶಿಲ್ಪವಿದೆ: ಮೃಗವೊಂದರೊಡನೆ ಹೋರಾಡುತ್ತಿರುವ ಸಳ. ಕೆತ್ತನೆಯಲ್ಲಿ ಸಿಂಹದಂತೆ ಕಂಡರೂ ಕಥೆ ಅದನ್ನು ಹುಲಿಯೆನ್ನುತ್ತದೆ. ಸೊಸೆವೂರಿನಲ್ಲಿ ಮುನಿಯ ಮೇಲೆ ಹುಲಿ ಎರಗಿ ಬಂದಾಗ, 'ಹೊಯ್ ಸಳ' ಎಂದು ಮುನಿ ಕೂಗಿದನಂತೆ, ಸಳ ಹೊಯ್ದನಂತೆ, ವಂಶಕ್ಕೆ ಹೊಯ್ಸಳವೆಂದು ಹೆಸರಾಯಿತಂತೆ. ಆ ಸೊಸೆವೂರೇ ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿ. ಮಿತ್ರರ ದಾರಿಗೆ ದೂರವಲ್ಲ. ಹಾಗಾದರೆ ಸ್ಮಾರಕವನ್ನೂ ಹುಲಿಯನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿದವರಲ್ಲಿ ನನ್ನ ಮಿತ್ರರು ಮೊದಲಿಗರಲ್ಲ. ಹೊಯ್ಸಳರು ಎಂದೋ ಸೇರಿಸಿಯಾಗಿದೆ.

ಸಳನ ಕಾಲದಲ್ಲಿ ಮನುಷ್ಯನಿಗೂ ಹುಲಿಗೂ ಇದ್ದ ಸಂಬಂಧ ಸರಳವಾದದ್ದು: ಒಂದೋ ಅದು, ಇಲ್ಲವೆ ಅವನು. ಆಮೇಲೆ ರಾಜರ ಬೇಟೆ ಬಂತು. ಅಲ್ಲಿ ಮನುಷ್ಯನ ಕಡೆಗೆ ಕೋವಿಯೂ ಆನೆಯೂ ನೂರು ಆಳುಗಳೂ ಸೇರಿಕೊಂಡರು. ನಾಗರಹೊಳೆಯ ದಕ್ಷಿಣಕ್ಕೆ, ಈಗ ಕಬಿನಿಯ ಹಿನ್ನೀರು ಹರಡಿರುವ ಕಡೆ, ಕಾಕನಕೋಟೆಯ ಕಾಡಿನಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ದೊಡ್ಡ ದೊಡ್ಡ ಅತಿಥಿಗಳು ಬಂದು ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾಗಿ ಬಂಡೀಪುರ ಅದರ ಮೊದಲ ತಾಣಗಳಲ್ಲೊಂದಾಯಿತು. ಕೋವಿಯ ಜಾಗಕ್ಕೆ ಕೆಮರಾ ಬಂತು. ಸಫಾರಿ ಎಂಬ ಮಾತಿನ ಚರಿತ್ರೆಯೂ ಇದೇ. ಅರಬ್ಬಿಯ 'ಸಫರ್', ಅಂದರೆ ಪ್ರಯಾಣ, ಸ್ವಾಹಿಲಿಯಲ್ಲಿ 'ಸಫಾರಿ'ಯಾಯಿತು. ಬಿಳಿಯರ ಬಾಯಿಯಲ್ಲಿ ಬೇಟೆಯ ಪ್ರಯಾಣವಾಯಿತು. ಈಗ ನೋಟದ ಪ್ರಯಾಣವಾಗಿದೆ.

ಇದು ಪ್ರಗತಿಯೇ ಸರಿ. ಸಂದೇಹವಿಲ್ಲ. ೨೦೦೬ರಲ್ಲಿ ದೇಶದಲ್ಲೆಲ್ಲ ೧,೪೧೧ ಹುಲಿಗಳಿವೆಯೆಂದು ಅಂದಾಜು ಮಾಡಿದ್ದರು. ೨೦೨೨ರ ಅಂದಾಜಿನಲ್ಲಿ ಅವು ೩,೬೮೨ ಆದವು. ಕರ್ನಾಟಕದ ಪಾಲು ೫೬೩. ಪೇಟೆಯ ಮಕ್ಕಳು ಹುಲಿಯನ್ನು ಕಂಡು ಬೆರಗಾಗದಿದ್ದರೆ ನಾಳೆ ಅದರ ಪರವಾಗಿ ಮಾತಾಡುವವರು ಯಾರು? ಕಾಣದ್ದನ್ನು ಪ್ರೀತಿಸುವುದು ಋಷಿಗಳಿಗೆ ಸಾಧ್ಯ, ನಮಗೆ ಕಷ್ಟ. ಆದ್ದರಿಂದ ಸಫಾರಿಯೇ ಪಾಪವೆಂದು ನಾನು ಹೇಳಲಾರೆ.

ಆದರೆ ಮಿತ್ರರು ಕಾಗದ ಬರೆದು ತಿಂಗಳಾಗುವಷ್ಟರಲ್ಲಿ ಸುದ್ದಿ ಬಂತು. ಮೈಸೂರು ಜಿಲ್ಲೆಯ ಸರಗೂರು ತಾಲೂಕಿನಲ್ಲಿ, ಕಾಡಿನಂಚಿನ ಹೊಲಗಳಲ್ಲಿ, ಹುಲಿಯ ದಾಳಿಗೆ ರೈತರು ಬಲಿಯಾದರು. ೨೦೨೫ರ ನವೆಂಬರ್ ಮೊದಲ ವಾರ ಮುಗಿಯುವುದರೊಳಗೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಸರಕಾರ ಆದೇಶ ಮಾಡಿತು. ಮಿತ್ರರು ಸಂಜೆ ಸಿಕ್ಕಿದಾಗ ಬೇಸರದಲ್ಲಿದ್ದರು. "ಇದರಲ್ಲಿ ನಮ್ಮದೇನು ತಪ್ಪು ಮಾಷ್ಟ್ರೇ? ನಾವು ಹುಲಿಯನ್ನು ಕೆಣಕಿದೆವಾ? ದುಡ್ಡು ಕೊಟ್ಟು ನೋಡಲಿಕ್ಕೆ ಹೊರಟದ್ದು ಮಾರಾಯ್ರೇ!" ಎಂದರು.

ದುಡ್ಡು ಕೊಟ್ಟದ್ದು ನಿಜ. ಪ್ರಶ್ನೆ ಇರುವುದೂ ಅಲ್ಲೇ. ದುಡ್ಡು ಕೊಟ್ಟೊಡನೆ ನೋಡುವವನ ಋಣ ತೀರುತ್ತದೆಯೆ?

ಕನ್ನಡದಲ್ಲಿ 'ಕಾಣಿಕೆ' ಎಂಬ ಮಾತಿದೆ. 'ಕಾಣು' ಎಂಬ ಧಾತುವಿನಿಂದ ಬಂದದ್ದು. ದೊಡ್ಡವರನ್ನು ಕಾಣಲು ಹೋಗುವಾಗ ಕೈಯಲ್ಲಿ ಒಯ್ಯುವ ವಸ್ತು ಕಾಣಿಕೆ. ದೇವರು, ಗುರುಗಳು, ಬಸುರಿ ಹೆಂಗಸು, ಎಳೆಯ ಮಕ್ಕಳು, ಇವರಲ್ಲಿಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೋದವನಿಗೆ ಒಂದು ದರ್ಶನ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವನು ತನ್ನದೇನನ್ನಾದರೂ ಬಿಟ್ಟುಕೊಡಬೇಕು. ಕಾಣಿಕೆಗೂ ಬೆಲೆಗೂ ವ್ಯತ್ಯಾಸವಿದೆ. ಬೆಲೆ ಕೊಟ್ಟವನು 'ಸರಕೆಲ್ಲಿ?' ಎಂದು ಕೇಳುತ್ತಾನೆ. ಕಾಣಿಕೆ ಕೊಟ್ಟವನು ಕೇಳುವುದಿಲ್ಲ. ದರ್ಶನವಾದರೆ ಸಂತೋಷ, ಬಾಗಿಲು ಮುಚ್ಚಿದ್ದರೆ ಹೊರಗಿನಿಂದಲೇ ಕೈಮುಗಿದು ಬರುತ್ತಾನೆ. ಸಫಾರಿಯ ಟಿಕೇಟನ್ನು ನಾವು ಬೆಲೆಯೆಂದು ತಿಳಿದಿದ್ದೇವೆ. ಆದ್ದರಿಂದಲೇ ಹುಲಿ ಬಾರದ ದಿನ ಡ್ರೈವರನ ಮೇಲೆ ಸಿಟ್ಟು ಬರುತ್ತದೆ. ಬಂದ ದಿನ 'ಇನ್ನೂ ಹತ್ತಿರ ಹೋಗಿ' ಎಂದು ಅವನನ್ನು ಒತ್ತಾಯಿಸುತ್ತೇವೆ.

ನಾವು ಕೊಡದ ಕಾಣಿಕೆಯನ್ನು ಯಾರೂ ಕೊಡುವುದಿಲ್ಲವೆಂದು ತಿಳಿಯಬಾರದು. ಕೊಡುವವರಿದ್ದಾರೆ. ನಾಗರಹೊಳೆಯ ಕಾಡಿನೊಳಗೆ ತಲೆತಲಾಂತರದಿಂದ ಇದ್ದ ಜೇನುಕುರುಬರ ಹಾಡಿಗಳನ್ನು, ಕಾಡು ಉಳಿಯಬೇಕೆಂದು, ೧೯೭೦ರ ದಶಕದಿಂದೀಚೆಗೆ ಎಬ್ಬಿಸುತ್ತ ಬಂದರು. ಕೆಲವರು ಕಾಡಿನ ಹೊರಗಿನ ವಸತಿಗಳಿಗೆ ಹೋದರು. ಕೆಲವರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯಾದರು. ೨೦೨೫ರ ಮೇ ತಿಂಗಳಲ್ಲಿ ಸುಮಾರು ಐವತ್ತು ಕುಟುಂಬಗಳು, ೨೦೦೬ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟು, ತಮ್ಮ ಹಳೆಯ ಹಾಡಿಯ ಜಾಗಕ್ಕೆ ಮರಳಿ ಹೋಗಿ ಗುಡಿಸಲು ಕಟ್ಟಲು ಹೊರಟವು. ಹುಟ್ಟಿದವನು ಕಾಡಿನೊಳಗೆ ಕಾಲಿಡಲು ಕಾಯಿದೆಯನ್ನು ತೋರಿಸಬೇಕು. ಮಂಗಳೂರಿನ ನನಗೆ ಟಿಕೇಟು ಸಾಕು. ಇದು ನನಗೆ ನಾಚಿಕೆಯ ಸಂಗತಿಯೆನಿಸುತ್ತದೆ. ಇನ್ನು ಅಂಚಿನ ಹಳ್ಳಿಯ ರೈತ. ಸಫಾರಿಯ ಗದ್ದಲದಿಂದ ಹುಲಿ ಊರಿಗೆ ಬರುತ್ತದೆಂದು ಅವನ ದೂರು; ಸಂಖ್ಯೆ ಹೆಚ್ಚಿ ನೆಲೆ ಸಾಲದೆ ಬರುತ್ತದೆಂದು ಬೇರೆಯವರ ವಾದ. ಕಾರಣ ಯಾವುದೇ ಇರಲಿ, ೫೬೩ ಎಂಬ ಸಂಖ್ಯೆಯನ್ನು ನಾವು ಪತ್ರಿಕೆಯಲ್ಲಿ ಓದಿ ಹೆಮ್ಮೆಪಡುತ್ತೇವೆ. ಅದರಲ್ಲಿ ಒಂದನ್ನು ಅವನು ತನ್ನ ಹತ್ತಿಯ ಹೊಲದಲ್ಲಿ ಎದುರಿಸುತ್ತಾನೆ. ಹೆಮ್ಮೆ ನಮ್ಮದು, ಹೊಲ ಅವನದು.

ನಮ್ಮ ತುಳುನಾಡು ಈ ಋಣವನ್ನು ಒಂದು ಬಗೆಯಲ್ಲಿ ತಿಳಿದಿತ್ತು. ಇಲ್ಲಿ ಹುಲಿ ಪಿಲಿಚಾಮುಂಡಿಯೆಂಬ ದೈವವಾಯಿತು. ವರ್ಷಕ್ಕೊಮ್ಮೆ ಕೋಲ, ಹೊತ್ತಿಗೆ ಸರಿಯಾಗಿ ಮರ್ಯಾದೆ. ಭಯದಿಂದ ಹುಟ್ಟಿದ ಆರಾಧನೆಯೆಂದು ಪಂಡಿತರು ಹೇಳಬಹುದು. ಇರಲಿ. 'ಈ ನೆಲದಲ್ಲಿ ನಿನಗೂ ಪಾಲಿದೆ' ಎಂದು ಒಪ್ಪುವ ಮಾತು ಆ ಭಯದ ಒಳಗೇ ಇತ್ತು. ಇಂದು ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ನಮ್ಮ ರಸ್ತೆಗಳಲ್ಲಿ ಹುಲಿವೇಷ ಕುಣಿಯುವಾಗ ನಾವು ನೋಟು ಹಿಡಿದು ಕೊಡುತ್ತೇವಲ್ಲ, ಅದೂ ಕಾಣಿಕೆಯೇ. ಬಣ್ಣದ ಹುಲಿಗೆ ಕೊಡುವುದು ನಮಗೆ ಗೊತ್ತಿದೆ. ನಿಜದ ಹುಲಿಗೆ ಏನು ಕೊಡಬೇಕೆಂದು ಗೊತ್ತಿಲ್ಲ.

ಏನು ಕೊಡಬಹುದು? ದೊಡ್ಡ ತ್ಯಾಗವೇನೂ ಬೇಡ. ಮಧ್ಯಮ ವರ್ಗದ ನಮ್ಮಿಂದ ಅದು ಆಗುವುದೂ ಇಲ್ಲ. ೨೦೦೯ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಮೈಸೂರಿಗೂ ಕೇರಳಕ್ಕೂ ನಡುವೆ ಓಡಾಡುವ ವ್ಯಾಪಾರಿಗಳಿಗೆ, ಲಾರಿಯವರಿಗೆ ಇದರಿಂದ ತೊಂದರೆಯಾದದ್ದು ಸುಳ್ಳಲ್ಲ, ವಾದವಿವಾದಗಳೂ ನಡೆದವು. ಆದರೆ ಆ ಒಂಬತ್ತು ಗಂಟೆಗಳನ್ನು ಮನುಷ್ಯನು ಕಾಡಿಗೆ ಕೊಟ್ಟ ಕಾಣಿಕೆಯೆಂದು ಭಾವಿಸಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ಹೋಗಬಹುದಾಗಿದ್ದರೂ ಹೋಗದೆ ಇರುವುದು ಕೂಡ ಒಂದು ಕೊಡುಗೆ. ಸಫಾರಿ ನಿಂತಾಗ ಗೊಣಗದೆ ಇರುವುದು ಅಂಥದ್ದೇ. ಬಾಗಿಲು ತೆರೆದಿರುವಾಗ ಹೋದರೆ, ಧ್ವನಿ ತಗ್ಗಿಸುವುದು, ಡ್ರೈವರನನ್ನು ಅವಸರಪಡಿಸದೆ ಇರುವುದು, ಜಿಂಕೆಯನ್ನೂ ಮುತ್ತುಗದ ಮರವನ್ನೂ 'ಹುಲಿಯಲ್ಲ' ಎಂಬ ಕಾರಣಕ್ಕೆ ತಿರಸ್ಕರಿಸದೆ ಇರುವುದು, ಕಾಡಿನಂಚಿನ ಚಹದಂಗಡಿಯಲ್ಲಿ ಹತ್ತು ನಿಮಿಷ ಕುಳಿತು ಅಲ್ಲಿನವರ ಬೆಳೆ ಏನಾಯಿತು, ದನ ಏನಾಯಿತು ಎಂದು ಕೇಳುವುದು. ಪರಿಹಾರದ ಹಣ ರೈತನಿಗೆ ಬೇಗ ಸಲ್ಲಬೇಕು, ಹಾಡಿಯವರ ಅರ್ಜಿ ಬೇಗ ಇತ್ಯರ್ಥವಾಗಬೇಕು ಎಂದು ಒತ್ತಾಯಿಸುವ ಧ್ವನಿಗಳಲ್ಲಿ, ಹುಲಿಯನ್ನು ನೋಡಿಬಂದವರ ಧ್ವನಿ ಮೊದಲು ಕೇಳಬೇಕು. ನೋಡಿದವನ ಮೇಲೆ ಆ ಹೊಣೆ ಇದೆ.

ಬೇಲೂರಿಗೂ ಕಾಣಿಕೆ ಬೇಡವೆಂದಲ್ಲ. ದಾಸೋಜನ ಕೈ ಒಂದು ಮದನಿಕೆಯ ಮೇಲೆ ಎಷ್ಟು ದಿನ ಆಡಿತೋ! ನಮ್ಮ ಕಾಗದದಲ್ಲಿ ಇಡೀ ಗುಡಿಗೆ ಒಂದು ಗಂಟೆ. ಅದರಲ್ಲಿ ಅರ್ಧ ನಮ್ಮದೇ ಚಿತ್ರ ತೆಗೆದುಕೊಳ್ಳುವುದಕ್ಕೆ. ಎಲ್ಲವನ್ನೂ ನೋಡುವ ಹಟ ಬಿಟ್ಟು ಒಂದೇ ವಿಗ್ರಹದ ಮುಂದೆ ಕಾಲು ಗಂಟೆ ನಿಂತವನು ಬೇಲೂರನ್ನು ಕಂಡವನು. ಉಳಿದವರು ನೋಡಿದವರು. ನಮ್ಮ ಭಾಷೆ ಈ ಎರಡನ್ನೂ ಬೇರೆ ಬೇರೆ ಇಟ್ಟಿದೆ. ನೋಡುವುದು ನಮ್ಮ ಕೈಯಲ್ಲಿದೆ. ಕಾಣುವುದು ನಮ್ಮ ಕೈಯಲ್ಲಿಲ್ಲ.

ಹಂಪನಕಟ್ಟೆಯ ಹೆಸರಿಗೆ ಒಂದು ಐತಿಹ್ಯವನ್ನು ಹೇಳುವುದುಂಟು: ಹಿಂದೆ ಇಲ್ಲಿ ಅಪ್ಪಣ್ಣನೆಂಬವನು ಮರದ ಕಟ್ಟೆಯಲ್ಲಿ ಕುಳಿತು, ದಣಿದು ಬಂದ ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ, ಅಪ್ಪಣ್ಣನ ಕಟ್ಟೆಯೇ ಜನರ ಬಾಯಲ್ಲಿ ಹಂಪನಕಟ್ಟೆಯಾಯಿತಂತೆ. ನಡೆದುಹೋಗುವ ಕಾಲದಲ್ಲಿ ಪ್ರಯಾಣವೆಂದರೆ ದಾರಿಯುದ್ದಕ್ಕೂ ಕಂಡವರ ಉಪಕಾರವನ್ನು ಹೊರುವುದಾಗಿತ್ತು. ಯಾರ ನೀರು ಕುಡಿದೆನೆಂಬುದು ಪ್ರಯಾಣಿಕನಿಗೆ ತಿಳಿದಿರುತ್ತಿತ್ತು. ಈಗ ನೀರಿನ ಬಾಟಲಿಯನ್ನು ಮನೆಯಿಂದಲೇ ಒಯ್ಯುತ್ತೇವೆ. ಯಾರ ಹಂಗೂ ಇಲ್ಲವೆಂದು ತಿಳಿಯುತ್ತೇವೆ. ಹಂಗು ಇದೆ. ಕೊಡುವವರು ರಸ್ತೆಯಿಂದ ಸ್ವಲ್ಪ ದೂರಕ್ಕೆ ಸರಿದಿದ್ದಾರೆ, ಅಷ್ಟೆ. ಪ್ರವಾಸದ ಕಾಗದದಲ್ಲಿ ಅವರಿಗೂ ಒಂದು ಸಾಲು ಇರಲಿ.